ಹೊರೆ ಇಳಿಸುವ ಕಲ್ಲಿಗೆ ಬೇಲಿ

ನನ್ನ ಆಯುಸ್ಸಿನಲ್ಲಿ ಭಾನುವಾರವೇ ಇಲ್ಲದ ಕೆಲವು ವರ್ಷಗಳಿದ್ದವು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದ ಮೊದಲ ಮೂರು ನಾಲ್ಕು ವರ್ಷಗಳವರೆಗೆ, ವಾರವಾರವೂ ಬೆಳಿಗ್ಗೆ ಏಳು ಗಂಟೆಗೆ, ಕಾಪು ಪೇಟೆಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯ ಏರಿನಲ್ಲಿದ್ದ ಅರ್ಧ ಎಕರೆ ಉದ್ಯಾನದಲ್ಲಿ ನಾನು ಹಿಡಿಸೂಡಿ ಹಿಡಿದು ನಿಂತಿರುತ್ತಿದ್ದೆ. ಸೋಮವಾರದಿಂದ ಶನಿವಾರದವರೆಗೆ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೊಡನೆ ಕೂಗಾಟ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ನೆಂಟನ ಹಾಗೆ ಬಂದು ಹೋಗುವವರು. ಇಷ್ಟು ಸಾಲದು ಎಂಬಂತೆ ಭಾನುವಾರದ ಶ್ರಮದಾನ. ದಾನ ಎಂದರೆ ಇದ್ದುದರಲ್ಲಿ ಕೊಡುವುದು. ನನ್ನಲ್ಲಿ ಶ್ರಮ ಉಳಿದಿರಲಿಲ್ಲ, ಆದರೂ ಕೊಡುತ್ತಿದ್ದೆ.

ಹೋಗದೆ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಉದ್ಯಾನದ ಕೆಲಸಕ್ಕೆ ನಮ್ಮನ್ನೆಲ್ಲ ಸೇರಿಸಿದವರು ನಿವೃತ್ತ ಪೋಸ್ಟ್ ಮಾಸ್ತರರು. ನನಗೆ ಕೆಲಸದ ಆದೇಶ ಬಂದ ದಿನ ಅದನ್ನು ಅಂಚೆಯವನ ಚೀಲಕ್ಕೆ ಹಾಕದೆ, ಛತ್ರಿ ಹಿಡಿದು, ಸುರಿಯುವ ಮಳೆಯಲ್ಲಿ ತಾವೇ ಮನೆಗೆ ತಂದುಕೊಟ್ಟಿದ್ದರು. ಅಂಥವರು ಬಾಗಿಲಲ್ಲಿ ನಿಂತು, "ಟೀಚರೇ, ಭಾನುವಾರ ಎರಡು ಗಂಟೆ ಬಂದರೆ ಸಾಕು, ಹೆಚ್ಚೇನೂ ಇಲ್ಲ" ಎಂದರೆ ಇಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಎರಡು ಗಂಟೆ ಎಂಬುದು ಯಾವಾಗಲೂ ನಾಲ್ಕು ಗಂಟೆಯಾಗುತ್ತಿತ್ತು. ಅವರ ಗಡಿಯಾರ ಅಂಚೆ ಕಚೇರಿಯಲ್ಲೇ ನಿಂತುಹೋಗಿತ್ತೆಂದು ಕಾಣುತ್ತದೆ.

ನಾವು ಒಟ್ಟು ಆರು ಮಂದಿ. ಮಾಸ್ತರರು, ನಾನು, ಮಣಿಪಾಲದ ಆಫೀಸೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಗುಮಾಸ್ತ, ಉದ್ಯಾನದ ಹಿಂದಿನ ಓಣಿಯಲ್ಲೇ ಮನೆಯಿದ್ದ ದರ್ಜಿ, ಮತ್ತೆ ಅವನ ಇಬ್ಬರು ತಮ್ಮಂದಿರು. ಉದ್ಯಾನ ಎಂಬುದು ನಾವು ಇಟ್ಟುಕೊಂಡ ಹೆಸರು. ನಾವು ಕೈ ಹಾಕುವ ಮೊದಲು ಅದು ಪಂಚಾಯತಿನ ಪಾಳು ಜಾಗ. ಕಮ್ಯುನಿಸ್ಟ್ ಗಿಡ ಎಂದು ನಾವು ಕರೆಯುವ ಕಳೆ ಆಳೆತ್ತರಕ್ಕೆ ಬೆಳೆದಿತ್ತು, ಕೆಳಗೆ ಎಲ್ಲ ನಾಚಿಕೆ ಮುಳ್ಳು. ಒಂದು ವಾರ ಕಿತ್ತರೆ ಮುಂದಿನ ವಾರ ಅಷ್ಟೇ ಹುಟ್ಟುತ್ತಿತ್ತು. ದಾಸವಾಳ, ರತ್ನಗಂಧಿ, ಅಬ್ಬಲಿಗೆ ನೆಟ್ಟೆವು. ದನಗಳು ತಿಂದವು. ಮತ್ತೆ ನೆಟ್ಟೆವು. ಮೂರನೆಯ ವರ್ಷಕ್ಕೆ ಹೂವಿನ ಪಾತಿ ಎಂದು ತೋರಿಸಬಹುದಾದ ಒಂದು ಪಾತಿ ಆಯಿತು.

ಮಾಸ್ತರರಿಗೆ ಆ ಜಾಗದ ಮೇಲೆ ಅಷ್ಟು ಪ್ರೀತಿ ಬರಲು ಕಾರಣ ಹೂವಲ್ಲ, ರಸ್ತೆಯ ಅಂಚಿಗೆ ನಿಂತಿದ್ದ ಒಂದು ಹಳೆಯ ಕಲ್ಲು. ಎರಡು ಕಂಬಗಲ್ಲು ನೆಟ್ಟು ಮೇಲೆ ಅಡ್ಡಕ್ಕೆ ಇಟ್ಟ ಒಂದು ಚಪ್ಪಡಿ, ಅಷ್ಟೆ. ಆ ಕಾಲದಲ್ಲಿ ನಮ್ಮ ಕಡೆ ಹಳೆಯ ದಾರಿಗಳ ಏರಿನಲ್ಲಿ ಇಂಥವು ಅಲ್ಲಲ್ಲಿ ಉಳಿದಿದ್ದವು, ಹೊರೆ ಇಳಿಸುವ ಕಲ್ಲು ಎನ್ನುತ್ತಿದ್ದರು. ತಲೆಯ ಮೇಲೆ ಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಅದನ್ನು ತಲೆಯಿಂದ ನೇರ ಚಪ್ಪಡಿಯ ಮೇಲೆ ಸರಿಸಿ ನಿಟ್ಟುಸಿರು ಬಿಡಬಹುದು. ದಣಿವಾರಿದ ಮೇಲೆ ಮೊಣಕಾಲು ತುಸು ಮಡಿಸಿ ತಲೆಯೊಡ್ಡಿದರೆ ಹೊರೆ ಮತ್ತೆ ತಲೆಗೆ ಬರುತ್ತದೆ. ನೆಲದ ಮೇಲೆ ಇಟ್ಟ ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಹಿಡಿಯಬೇಕು. "ಒಂದು ಕೈ ಕೊಡಿ" ಎಂದು ಹೊರೆಯವರು ಕೇಳಿದರೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರು ಕೂಡ ಕೈ ಕೊಟ್ಟು, ಆಮೇಲೆ ಮುಖ ತಿರುಗಿಸಿ ಹೋಗುತ್ತಿದ್ದರು. ಒಂಟಿಯಾಗಿ ನಡೆಯುವವರಿಗೆ ಆ ಕೈಯೂ ಸಿಗದಲ್ಲ, ಅವರಿಗಾಗಿ ಆ ಕಲ್ಲು.

ಮಾಸ್ತರರು ಪೋಸ್ಟ್ ಮಾಸ್ತರರಾಗುವ ಮೊದಲು ಟಪ್ಪಾಲು ಚೀಲ ಹೊತ್ತು ಹಳ್ಳಿ ಹಳ್ಳಿ ನಡೆದವರು. "ನನ್ನ ಚೀಲ ಇದರ ಮೇಲೆ ಎಷ್ಟು ಸಲ ಇಟ್ಟಿದ್ದೇನೋ, ಲೆಕ್ಕ ಉಂಟಾ?" ಎಂದು ಚಪ್ಪಡಿಯನ್ನು ದನದ ಬೆನ್ನು ಸವರಿದ ಹಾಗೆ ಸವರುತ್ತಿದ್ದರು.

ನಾವು ಉದ್ಯಾನ ಮಾಡುವ ಕಾಲಕ್ಕೆ ಆ ಕಲ್ಲನ್ನು ದಿನವೂ ಬಳಸುತ್ತಿದ್ದವಳು ಒಬ್ಬಳೇ ಒಬ್ಬಳು. ಕಡಲ ಕರೆಯ ಮೀನುಗಾರರ ಮನೆಯವಳು. ಐವತ್ತು ದಾಟಿತ್ತು. ಬೆಳಿಗ್ಗೆ ದೋಣಿ ಬಂದ ಕೂಡಲೇ ಬೂತಾಯಿಯೋ ಬಂಗುಡೆಯೋ ಬುಟ್ಟಿಗೆ ತುಂಬಿಸಿ, ತಲೆಗೆ ಬಟ್ಟೆಯ ಸಿಂಬೆ ಇಟ್ಟು, ಶಿರ್ವದ ಕಡೆಯ ಮನೆಮನೆಗೆ ನಡೆದು ಮಾರುವವಳು. ಬೇರೆ ಹೆಂಗಸರು ಪೇಟೆಯ ಮಾರುಕಟ್ಟೆಯಲ್ಲೇ ಕುಳಿತುಬಿಡುತ್ತಿದ್ದರು. ಇವಳಿಗೆ ಅಲ್ಲಿ ಜಾಗವಿರಲಿಲ್ಲ. ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರರು ಬಿಡುತ್ತಿರಲಿಲ್ಲ. ಹಾಗಾಗಿ ನಡಿಗೆ. ಸಮುದ್ರದಿಂದ ಬಂದು ಆ ಏರು ಹತ್ತಿದ ಮೇಲೆ ಕಲ್ಲಿನ ಮೇಲೆ ಬುಟ್ಟಿ ಸರಿಸಿ, ಸೆರಗಿನಿಂದ ಕತ್ತು ಒರೆಸಿ, ಒಂದು ಎಲೆ ಅಡಿಕೆ ಹಾಕಿಕೊಂಡು ಮುಂದೆ ಹೋಗುತ್ತಿದ್ದಳು. ನಮ್ಮ ಮನೆಗೂ ಅವಳೇ ಮೀನು ಕೊಡುತ್ತಿದ್ದುದು. ಅತ್ತೆಗೆ ಹುಷಾರಿಲ್ಲ ಎಂದು ಯಾವಾಗಲೂ ಮೇಲಿಂದ ಎರಡು ಹಾಕುತ್ತಿದ್ದಳು.

ಕಲ್ಲಿನ ಒಂದು ಕಂಬ ವಾಲಿದೆ ಎಂದು ಮಾಸ್ತರರಿಗೆ ಚಿಂತೆ ಹತ್ತಿತು. ಕಾರ್ಕಳಕ್ಕೆ ಹೋಗಿ ಒಬ್ಬ ಕಲ್ಲುಕೆಲಸದವನನ್ನು ಕರೆದುಕೊಂಡು ಬಂದರು. ಅವನು ಮಾತು ಕಡಿಮೆಯ ಮನುಷ್ಯ. ಸುತ್ತ ಎರಡು ಸಲ ನಡೆದ, ಬುಡಕ್ಕೆ ಚಕ್ಕೆಕಲ್ಲು ಬಡಿದು ಕಂಬ ನೇರ ಮಾಡಿದ. ಹೋಗುವಾಗ ಚಪ್ಪಡಿಯ ಎತ್ತರವನ್ನು ನನ್ನ ಹೆಗಲಿಗೆ ಕಣ್ಣಳತೆಯಲ್ಲೇ ಹೋಲಿಸಿ, "ಇದು ಹೆಂಗಸರ ಅಳತೆಗೆ ಮಾಡಿದ್ದು. ಗಂಡಸರದ್ದಾದರೆ ಇನ್ನೂ ಒಂದು ಗೇಣು ಮೇಲೆ ಬರ್ತದೆ" ಎಂದ. ನಾನು ಹೌದಾ ಎಂದು ತಲೆಯಾಡಿಸಿ, ಮತ್ತೆ ಗಿಡ ಕೀಳಲು ಬಗ್ಗಿದೆ. ಅವನ ಮಾತು ಅಂದು ತಲೆಯೊಳಗೆ ಇಳಿಯಲೇ ಇಲ್ಲ.

ಅವನು ಬುಡ ಅಗೆದಾಗ ಮಣ್ಣಿನ ಕೆಳಗಿದ್ದ ಕಂಬದ ಭಾಗದಲ್ಲಿ ಅಕ್ಷರಗಳು ಕಂಡವು. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಮಾಸ್ತರರು ಉಡುಪಿಗೆ ಕಾಗದ ಬರೆದು ಕಾಲೇಜಿನ ಇತಿಹಾಸದ ಉಪನ್ಯಾಸಕರೊಬ್ಬರನ್ನು ಕರೆಸಿದರು. ಅವರು ಒದ್ದೆ ಕಾಗದ ಅಂಟಿಸಿ, ಮಸಿ ತಟ್ಟಿ, ಅಚ್ಚು ತೆಗೆದರು. ಬಿಸಿಲಿನಲ್ಲಿ ಅಂಗಿ ಬೆನ್ನಿಗಂಟುವವರೆಗೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಹೆಚ್ಚಿನ ಸಾಲುಗಳು ಸವೆದುಹೋಗಿದ್ದವು. ಯಾರು ಇಡಿಸಿದ್ದು, ಯಾವಾಗ ಇಡಿಸಿದ್ದು, ಗೊತ್ತಾಗಲಿಲ್ಲ. ಕೊನೆಯಲ್ಲಿ 'ಧರ್ಮ' ಎಂಬುದೊಂದು ಮಾತ್ರ ಸ್ಪಷ್ಟ ಎಂದರು. "ಹಳೆಯದು. ಜೋಪಾನ ಮಾಡಿ. ಮೇಲಿಂದ ಉಪ್ಪುನೀರು ಇಳಿದು ಅಕ್ಷರ ಇನ್ನೂ ಹಾಳಾಗ್ತಾ ಉಂಟು" ಎಂದು ಹೇಳಿ ಚಾ ಕುಡಿದು ಬಸ್ಸು ಹತ್ತಿದರು. ಬೇಲಿ ಹಾಕಿ ಎಂದು ಅವರು ಹೇಳಲಿಲ್ಲ. ಅದನ್ನು ಇಲ್ಲಿ ಬರೆದಿಡಬೇಕು, ಏಕೆಂದರೆ ಆಮೇಲೆ ನಾವು ಎಷ್ಟೋ ಸಲ ಅವರ ಹೆಸರಿನ ಮರೆಯಲ್ಲಿ ನಿಂತೆವು.

ಬೇಲಿ ನಮ್ಮದೇ. ಮುಂದಿನ ಭಾನುವಾರವೇ ಹಾಕಿದೆವು. ಮಣಿಪಾಲದ ಗುಮಾಸ್ತರು ಎಲ್ಲಿಂದಲೋ ಮುಳ್ಳುತಂತಿ ತಂದರು. ನಾಲ್ಕು ಕಂಬ ನೆಟ್ಟು, ಕಲ್ಲಿನ ಸುತ್ತ ಐದು ಸಾಲು ತಂತಿ ಬಿಗಿದೆವು. ಅಷ್ಟು ಉತ್ಸಾಹದ ಕೆಲಸ ನಾವು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಎಲ್ಲ ಮುಗಿದು ದೂರ ನಿಂತು ನೋಡಿ ಸಂತೋಷಪಟ್ಟ ಮೇಲೆ ದರ್ಜಿ ಕೇಳಿದ, "ಅಲ್ಲ ಮಾರಾಯ್ರೆ, ಒಳಗೆ ಗುಡಿಸಲಿಕ್ಕೆ ಹೋಗುವುದು ಹೇಗೆ?" ಬಾಗಿಲು ಇಡಲು ನಾವು ಮರೆತಿದ್ದೆವು. ಆರು ಮಂದಿ ಬುದ್ಧಿವಂತರು ಸೇರಿ ಮಾಡಿದ ಕೆಲಸ! ಆದರೆ ಬಿಚ್ಚುವ ಚೈತನ್ಯ ಯಾರಿಗೂ ಇರಲಿಲ್ಲ. ಆಮೇಲೆ ಮಾಸ್ತರರು ಉದ್ದ ಕೋಲಿಗೆ ಹಿಡಿಸೂಡಿ ಕಟ್ಟಿ ಹೊರಗಿನಿಂದಲೇ ಗುಡಿಸುತ್ತಿದ್ದರು. ಮಳೆಗಾಲದಲ್ಲಿ ಹುಲ್ಲು ಬೇಲಿಯ ಒಳಗೆ ಸೊಂಟದವರೆಗೆ ಬೆಳೆದರೂ ಕೀಳುವ ಹಾಗಿರಲಿಲ್ಲ.

ಬೇಲಿಗೆ ಕಟ್ಟಲೆಂದು ಮೊದಲೇ ಫಲಕ ಬರೆದಿಟ್ಟದ್ದು ನಾನು. ಊರಲ್ಲಿ ನನ್ನ ಅಕ್ಷರ ಚೆಂದ ಎಂಬ ಹೆಸರಿತ್ತು, ಆ ಹೆಸರಿನಿಂದ ನನಗೆ ಬಿಟ್ಟಿ ಕೆಲಸ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಹಳದಿ ಬಣ್ಣದ ತಗಡಿನ ಮೇಲೆ ಕಪ್ಪು ಬಣ್ಣದಲ್ಲಿ ಎರಡು ಸಂಜೆ ಕೂತು ಬರೆದೆ: 'ಇದು ನಮ್ಮ ಹಿರಿಯರ ಸ್ಮಾರಕ. ದಯವಿಟ್ಟು ಇದರ ಮೇಲೆ ಹೊರೆ ಇಡಬಾರದು.' ದಯವಿಟ್ಟು ಎಂದು ಸೇರಿಸಿದ್ದಕ್ಕೆ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು.

ಬೇಲಿ ಹಾಕಿ ಫಲಕ ಕಟ್ಟಿದ ಆ ಭಾನುವಾರವೇ ಅವಳು ಏರು ಹತ್ತಿ ಬಂದಳು. ಬುಟ್ಟಿ ತಲೆಯ ಮೇಲೆ ಇದ್ದ ಹಾಗೆಯೇ ಬೇಲಿಯ ಮುಂದೆ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಎಂತ ಇದು ಟೀಚರೇ?" ಎಂದು ಕೇಳಿದಳು.

ನಾನು ಹೇಳಿದೆ. ಕಲ್ಲು ಹಳೆಯದು, ಅಕ್ಷರ ಉಂಟು, ಮೀನಿನ ನೀರು ಬಿದ್ದರೆ ಅಕ್ಷರ ಹಾಳಾಗುತ್ತದೆ, ಉಡುಪಿಯಿಂದ ಬಂದವರು ಹೇಳಿದ್ದಾರೆ. ತರಗತಿಯಲ್ಲಿ ಹೇಳುವ ದನಿಯಲ್ಲಿಯೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕತ್ತು ಅಲ್ಲಾಡಿಸುವ ಹಾಗಿಲ್ಲದ್ದರಿಂದ ಕಣ್ಣು ಮಾತ್ರ ನನ್ನ ಕಡೆಗೆ ಹೊರಳಿತು.

"ಹೌದಾ. ಹಾಗಾದರೆ ಹೊರೆ ಎಲ್ಲಿ ಇಡುವುದು?"

ಆ ಪ್ರಶ್ನೆ ನಮ್ಮ ಆರು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಸ್ತರರು ಅತ್ತಿತ್ತ ನೋಡಿ ಪಾತಿಯ ಬಳಿಯ ಸಿಮೆಂಟು ಬೆಂಚು ತೋರಿಸಿದರು. "ಅಗೋ, ಅಲ್ಲಿ ಬೆಂಚು ಉಂಟಲ್ಲ. ನಾವು ಹಿಡಿಯುತ್ತೇವೆ." ಬೆಂಚು ಮೊಣಕಾಲಿನಷ್ಟು ಎತ್ತರ. ಗುಮಾಸ್ತರೂ ನಾನೂ ಸೇರಿ ಇಳಿಸಿದೆವು, ಹೊರಡುವಾಗ ಮತ್ತೆ ನಾವೇ ಸೇರಿ ಏರಿಸಿದೆವು. ಅವಳು ಶಿರ್ವದ ಕಡೆಗೆ ನಡೆದಳು. ಸಮಸ್ಯೆ ಬಗೆಹರಿಯಿತು ಎಂದುಕೊಂಡೆವು. ಭಾನುವಾರ ನಾವು ಆರು ಮಂದಿ ಇರುತ್ತೇವೆ, ಮಿಕ್ಕ ಆರು ದಿನ ಒಬ್ಬರೂ ಇರುವುದಿಲ್ಲ ಎಂಬುದು ಯಾರ ತಲೆಗೂ ಬರಲಿಲ್ಲ.

ನನ್ನ ತಲೆಗೆ ಅದು ಸೋಮವಾರವೇ ಬಂತು. ಶಾಲೆಗೆ ನಾನು ಹೋಗುತ್ತಿದ್ದುದು ಅದೇ ಏರಿನ ದಾರಿ. ಅವಳು ಹೇಗೋ ತಾನೇ ಬುಟ್ಟಿಯನ್ನು ಬೆಂಚಿಗೆ ಇಳಿಸಿಕೊಂಡು, ಎತ್ತಿಕೊಡುವವರಿಲ್ಲದೆ ನಿಂತಿದ್ದಳು. "ಒಂದು ಕೈ ಕೊಡಿ ಟೀಚರೇ." ಕೊಟ್ಟೆ. ಮಂಗಳವಾರವೂ ಕೊಟ್ಟೆ. ಬುಧವಾರವೂ. ನಾನು ಮೀನು ತಿನ್ನುವ ಮನೆಯವಳೇ, ಆದರೆ ಮೀನು ಸಾರಿನ ಪಾತ್ರೆಯಲ್ಲಿರುವುದು ಬೇರೆ, ಗಂಜಿ ಹಾಕಿದ ಸೀರೆಯ ಸೆರಗಿನಲ್ಲಿರುವುದು ಬೇರೆ. ಎಷ್ಟು ಜಾಗ್ರತೆಯಿಂದ ಹಿಡಿದರೂ ಬುಟ್ಟಿಯ ನೀರು ಮೊಣಕೈಯಿಂದ ಇಳಿದು ರವಿಕೆಗೆ ಬರುತ್ತಿತ್ತು. ತರಗತಿಯಲ್ಲಿ ಮಕ್ಕಳು ಮೂಗು ಮುಚ್ಚಿ ನಗುತ್ತಿದ್ದವು. ಮುಖ್ಯೋಪಾಧ್ಯಾಯಿನಿ ಒಂದು ದಿನ ಕಿಟಕಿಗಳನ್ನೆಲ್ಲ ತೆರೆಸಿ, ನನ್ನನ್ನು ನೋಡದೆ, ಸೆಕೆ ಎಂದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಅತ್ತೆಯ ಹಾಸಿಗೆ ಬದಲಿಸಿ, ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಒಗೆದ ಸೀರೆ ಉಟ್ಟು ಹೊರಟವಳಿಗೆ ಎಂಟೂಕಾಲಕ್ಕೆಲ್ಲ ಅದು ಹೋಗಿಬಿಡುತ್ತಿತ್ತು. ದಿನದಲ್ಲಿ ನನ್ನದು ಎನ್ನಬಹುದಾದ ಒಂದೇ ವಸ್ತು ಆ ಶುಚಿಯಾದ ಸೀರೆ.

ಹೀಗೆ ಒಂದು ದಿನ, ಬೆಂಚಿನ ಬಳಿ ಅವಳು ದೂರದಲ್ಲಿ ಕಾಣುತ್ತಿದ್ದಂತೆಯೇ ನಾನು ದರ್ಜಿಯ ಮನೆಯ ಓಣಿಗೆ ತಿರುಗಿದೆ. ಓಣಿ ಸುತ್ತಿ ಬಂದು ಶಾಲೆಯ ಹಿಂದೆ ಸೇರುತ್ತದೆ. ಯಾರೋ ಒಬ್ಬರು ಬಂದು ಕೈ ಕೊಟ್ಟಾರು ಎಂದುಕೊಂಡೆ. ಮನಸ್ಸು ಕೆಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಸೀರೆ ಶುಚಿಯಾಗಿಯೇ ಇತ್ತು. ಮುಂದಿನ ವಾರ ಎರಡು ಸಲ ತಿರುಗಿದೆ. ಆಮೇಲೆ ಎಣಿಸುವುದನ್ನು ಬಿಟ್ಟೆ.

ಬೇಲಿ ಹಾಕಿ ಒಂದು ಮಳೆಗಾಲ ಕಳೆದಿತ್ತು; ಬೇಸಿಗೆಯ ಒಂದು ಶನಿವಾರ ಬಿಸಿಲು ಎಂಟು ಗಂಟೆಗೇ ಏರಿತ್ತು. ಗಂಡ ಬೊಂಬಾಯಿಯಿಂದ ತಂದುಕೊಟ್ಟಿದ್ದ ನೀಲಿ ಹೂವಿನ ಕೊಡೆಯನ್ನು ಬಿಡಿಸಿಕೊಂಡು ಹೊರಟಿದ್ದೆ. ಅಂಥ ಕೊಡೆ ಕಾಪುವಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ, ಅದು ನನಗೆ ಗೊತ್ತಿತ್ತು, ಸಂತೋಷವೂ ಇತ್ತು. ಅವಳು ಬೆಂಚಿನ ಬಳಿ ನಿಂತಿದ್ದಳು. ರಸ್ತೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ನಾನು ಓಣಿಗೆ ತಿರುಗಿದೆ.

ಮರುದಿನ ಶ್ರಮದಾನಕ್ಕೆ ಹೋದರೆ ಉದ್ಯಾನದ ತುಂಬ ಕಾಗೆ, ಬೀದಿನಾಯಿ, ನೊಣ. ನಮ್ಮ ಹೂವಿನ ಪಾತಿಯ ಮೇಲೆ ಒಂದು ಬುಟ್ಟಿ ಬೂತಾಯಿ ಸುರಿದಿತ್ತು. ಒಂದು ಹಗಲು ಒಂದು ರಾತ್ರಿ ಕಳೆದ ಮೀನು. ವಾಸನೆಗೆ ದರ್ಜಿಯ ತಮ್ಮಂದಿರು ಗೇಟಿನ ಹೊರಗೆಯೇ ನಿಂತುಬಿಟ್ಟರು. ಅಬ್ಬಲಿಗೆ ಗಿಡಗಳನ್ನು ನಾಯಿಗಳು ತುಳಿದು ಹಾಕಿದ್ದವು.

ಮಾಸ್ತರರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇದು ಬೇಕೂಂತ ಮಾಡಿದ್ದು. ಬೇಲಿ ಹಾಕಿದ ಸೇಡು. ಎಷ್ಟು ವರ್ಷದ ಕೆಲಸ! ಇನ್ನು ಉದ್ಯಾನದ ಒಳಗೆ ಹೊರೆ ತರಬಾರದು ಅಂತ ಪಂಚಾಯತಿಗೆ ಅರ್ಜಿ ಕೊಡುವುದು. ಟೀಚರೇ, ನೀವು ಬರೆಯಿರಿ, ಈಗಲೇ." ಗುಮಾಸ್ತರು ತಮ್ಮ ಚೀಲದಿಂದ ಕಾಗದ ತೆಗೆದರು. ಪೆನ್ನು ನನ್ನ ಕೈಗೆ ಬಂತು.

'ಮಾನ್ಯರೇ' ಎಂದು ಬರೆದೆ. ಅದು ಬರೆದದ್ದು ನನಗೆ ಈಗಲೂ ಕಾಣುತ್ತದೆ, ಮಕಾರದ ಬಾಲ ಎಷ್ಟು ಸುಂದರವಾಗಿ ಬಂದಿತ್ತು! ಮುಂದೆ ಕೈ ಓಡಲಿಲ್ಲ. ಅವಳು ಮೀನನ್ನು ಸುಮ್ಮನೆ ಎಸೆಯುವವಳಲ್ಲ, ಅದು ಅವಳ ಅಂದಿನ ಅನ್ನ. ಬಿಸಿಲಿನಲ್ಲಿ ಕಾದು ಕಾದು, ಬುಟ್ಟಿ ಎತ್ತಿಕೊಡುವವರಿಲ್ಲದೆ, ಮೀನು ಮಾರುವ ಹದ ಮೀರಿದ ಮೇಲೆ ಬೇರೆ ದಾರಿಯೇನಿತ್ತು? ತುಂಬಿದ ಬುಟ್ಟಿಯನ್ನು ಅವಳು ತಲೆಗೇರಿಸಲಾರಳು, ಖಾಲಿ ಬುಟ್ಟಿಯನ್ನು ಏರಿಸಬಲ್ಲಳು. ಮೀನು ತೆಂಗಿಗೆ ಗೊಬ್ಬರ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಗಿಡದ ಬುಡ ಕಂಡು ಸುರಿದಿದ್ದಾಳೆ. ರಸ್ತೆಗೆ ಸುರಿದಿರಲಿಲ್ಲ, ನಮ್ಮ ಬೆಂಚಿನ ಮೇಲೆ ಸುರಿದಿರಲಿಲ್ಲ.

"ಅರ್ಜಿ ಬೇಡ" ಎಂದೆ. "ಅವಳು ನಿನ್ನೆ ಇಲ್ಲಿ ನಿಂತದ್ದನ್ನು ನಾನು ನೋಡಿದ್ದೆ. ಕೈ ಕೊಡಬೇಕಾಗುತ್ತದೆ ಅಂತ ಓಣಿಯಲ್ಲಿ ಹೋದೆ. ನಿನ್ನೆ ಮಾತ್ರ ಅಲ್ಲ, ಎಷ್ಟೋ ದಿನದಿಂದ ಹಾಗೆಯೇ ಹೋಗುತ್ತಿದ್ದೇನೆ."

ಆಮೇಲೆ ದರ್ಜಿ ನೆಲ ನೋಡುತ್ತ, "ನಾನೂ ಬಾಗಿಲು ಮುಂದೆ ಮಾಡಿಕೊಳ್ತೇನೆ, ಅವಳು ಕರೆಯುವುದು ಕೇಳಿದರೆ. ಬೆಳಿಗ್ಗೆ ಎಷ್ಟು ಕೆಲಸ ಇರ್ತದೆ" ಎಂದ. ಗುಮಾಸ್ತರಿಗೆ ಎಂಟು ಗಂಟೆಗೆ ಮಣಿಪಾಲದ ಬಸ್ಸು. ಅವರೂ ಏನೋ ಹೇಳಲು ಹೊರಟು, ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದರು. ನಾವು ಕೆಟ್ಟವರಾಗಿರಲಿಲ್ಲ. ಸುಸ್ತಾದವರಾಗಿದ್ದೆವು. ಅದು ನೆಪ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಮಾಸ್ತರರು ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರು. ನೊಣ ಓಡಿಸಲೂ ಇಲ್ಲ. ಆಮೇಲೆ ದರ್ಜಿಯ ಮನೆಯಿಂದ ಇಕ್ಕುಳ ತರಿಸಿ ತಾವೇ ತಂತಿ ಬಿಚ್ಚಲು ನಿಂತರು. ನಾವು ಅಷ್ಟು ಬಿಗಿಯಾಗಿ ಸುತ್ತಿದ್ದ ತಂತಿ ತುಕ್ಕು ಹಿಡಿದು ಕಂಬಕ್ಕೆ ಕಚ್ಚಿಕೊಂಡಿತ್ತು. ಅವರ ಎರಡೂ ಕೈ ತರಚಿ ರಕ್ತ ಬಂತು. ಬಿಡಿ, ನಾವು ಮಾಡುತ್ತೇವೆ ಎಂದರೆ ಬಿಡಲಿಲ್ಲ. "ಚೀಲ ಹೊತ್ತವನು ನಾನು. ನನಗಾದರೂ ನೆನಪಾಗಬೇಕಿತ್ತು" ಎಂದರು, ನಮ್ಮಲ್ಲಿ ಯಾರಿಗೂ ಅಲ್ಲ, ಕಲ್ಲಿನ ಕಡೆಗೆ ನೋಡಿಕೊಂಡು. ಫಲಕವನ್ನು ನಾನು ಮನೆಗೆ ತಂದೆ. ಅದು ಆಮೇಲೆ ಎಷ್ಟೋ ವರ್ಷ ನಮ್ಮ ಬಚ್ಚಲಿನ ಕಟ್ಟಿಗೆಗೆ ಮುಚ್ಚಳವಾಗಿತ್ತು, ಅಕ್ಷರ ಒಳಮುಖವಾಗಿ.

ಮೀನು ಸುರಿದ ಮೇಲೆ ಅವಳು ಆ ದಾರಿಯಲ್ಲಿ ಬರಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಪಡುಬಿದ್ರಿಯ ಕಡೆಗೆ ಹೆದ್ದಾರಿಯಲ್ಲೇ ನಡೆದುಹೋಗುತ್ತಾಳೆ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಮಳೆಗಾಲ ಹಿಡಿದು ದೋಣಿಗಳು ದಡಕ್ಕೆ ಬಂದವು. ಬೇಲಿ ತೆಗೆದದ್ದನ್ನು ಅವಳಿಗೆ ಹೇಳಬೇಕಿತ್ತು. ನಾನೇ ಹೇಳುತ್ತೇನೆ ಎಂದು ಮಾಸ್ತರರಿಗೆ ಮಾತು ಕೊಟ್ಟು, ಕೊಡದೆ ಇದ್ದರೆ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತ, ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ಕಡಲ ಕರೆಗೆ ಹೋದೆ.

ತೆಂಗಿನ ಗರಿಯ ಮಾಡಿನ ಜಗಲಿಯಲ್ಲಿ ಕೂತು ಅವಳು ಹರಿದ ಬಲೆಯ ಎಳೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಮಣೆಯೊಂದನ್ನು ಸೆರಗಿನಿಂದ ಒರೆಸಿ ಇಟ್ಟಳು. ಅತ್ತೆಗೆ ಹೇಗುಂಟು ಎಂದು ಮೊದಲು ಕೇಳಿದಳು. ನಾನು ಕುಳಿತು, ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳು ಹೇಳುವಂತೆ ಒಂದೇ ಉಸಿರಿಗೆ ಹೇಳಿದೆ.

"ಅಕ್ಕ, ಬೇಲಿ ತೆಗೆದಿದ್ದೇವೆ. ಮಳೆ ಮುಗಿದ ಮೇಲೆ ನೀವು ಮೊದಲಿನ ಹಾಗೆ ಕಲ್ಲಿನ ಮೇಲೆಯೇ ಇಡಬಹುದು. ಯಾರೂ ಏನೂ ಹೇಳುವುದಿಲ್ಲ."

"ಆಯ್ತು" ಎಂದಳು. ಬಲೆಯ ಎಳೆಯನ್ನು ಹಲ್ಲಿನಿಂದ ಕಡಿದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಆ ದಿನ ಬಹಳ ಹೊತ್ತು ನಿಂತಿರಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಬಿಸಿಲು ನೆತ್ತಿಗೆ ಬರುವವರೆಗೆ ನಿಂತೆ" ಎಂದಳು. "ಮೊದಲಿಗೆ ಕೊಡೆ ಕಂಡಿತು. ನೀಲಿ ಕೊಡೆ. ಸರಿ, ಟೀಚರ್ ಬಂದರಲ್ಲ ಅಂತ ನಾನು ಸಿಂಬೆ ತಲೆಗೆ ಇಟ್ಟುಕೊಂಡೆ. ಕೊಡೆ ಓಣಿಗೆ ತಿರುಗಿತು." ಅವಳು ಇನ್ನೊಂದು ಗಂಟಿಗೆ ಬೆರಳು ಹಾಕಿದಳು. "ಎಂತದೋ ಮರೆತುಹೋಗಿದೆ, ಮನೆಗೆ ಹೋಗಿ ಬರ್ತಾರೆ ಅಂತ ಎಣಿಸಿದೆ. ಸಿಂಬೆ ತೆಗೆಯಲಿಲ್ಲ."

ಕಡಲಿನ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಆಗ ಕೇಳಿಸಿತು. ತಪ್ಪಾಯಿತು ಎಂದೆ. "ಚಾ ಮಾಡ್ಲಾ? ಹಾಲು ಇಲ್ಲ, ಕಣ್ಣು ಚಾ" ಎಂದಳು. ಕುಡಿದು ಬಂದೆ. ಆ ಕೊಡೆಯನ್ನು ಮತ್ತೆ ನಾನು ಬಿಡಿಸಲಿಲ್ಲ. ಗಂಡ ರಜೆಗೆ ಬಂದಾಗ, ಕಡ್ಡಿ ಮುರಿದಿದೆ ಎಂದು ಸುಳ್ಳು ಹೇಳಿದೆ.

ಮಳೆ ಮುಗಿದು ದೋಣಿಗಳು ನೀರಿಗಿಳಿದವು. ಅವಳು ಬರುವಳೋ ಇಲ್ಲವೋ ಎಂಬುದೇ ನನ್ನ ಚಿಂತೆ. ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಟು ಕಲ್ಲಿನ ಬಳಿ ನಿಲ್ಲಲು ಶುರುಮಾಡಿದೆ. ಹತ್ತು ನಿಮಿಷ ಉಳಿಸಲು ನಾಲ್ಕೂಕಾಲಕ್ಕೆ ಏಳಬೇಕಾಯಿತು. ಸೀರೆಗೆ ಗಂಜಿ ಹಾಕುವುದನ್ನು ಬಿಟ್ಟೆ. ಅವಳ ಬುಟ್ಟಿಯನ್ನು ನಾನೇ ಇಳಿಸಿಕೊಡಬೇಕು, ನಾನೇ ಎತ್ತಿಕೊಡಬೇಕು, ರವಿಕೆ ಒದ್ದೆಯಾದರೆ ಆಗಲಿ ಎಂದು ಹಟ ಹಿಡಿದೆ. ಮಾಡಿದ್ದನ್ನು ತೊಳೆದುಕೊಳ್ಳಲು ಅದೊಂದು ಸುಲಭದ ದಾರಿ ಎಂದು ಕಂಡಿತ್ತು.

ಎಂಟು ಹತ್ತು ದಿನದ ಮೇಲೆ ಅವಳು ಏರು ಹತ್ತಿ ಬಂದಳು. ಬುಟ್ಟಿ ತುಂಬ ಬಂಗುಡೆ. ಕತ್ತಿನ ನರ ಬಿಗಿದಿತ್ತು, ಮುಖದಲ್ಲಿ ಬೆವರು ಇಳಿಯುತ್ತಿತ್ತು. ನಾನು ಕೊಂಕುಳ ಚೀಲವನ್ನು ನೆಲಕ್ಕೆ ಹಾಕಿ, ಎರಡೂ ಕೈ ಚಾಚಿ ಮುಂದೆ ಹೋದೆ.

ಅವಳು ನನ್ನನ್ನು ಬಳಸಿಕೊಂಡು ಕಲ್ಲಿನ ಬಳಿಗೆ ನಡೆದಳು. ಚಪ್ಪಡಿಗೆ ತಲೆ ಒರಗಿಸಿ ಬುಟ್ಟಿಯನ್ನು ಸರಿಸಿದಳು. ಕಾರ್ಕಳದ ಕಲ್ಲುಕೆಲಸದವನು ಹೇಳಿದ್ದು ನಿಜ, ಅಳತೆ ಅವಳಿಗೆ ಸರಿಯಾಗಿತ್ತು. ಸಿಂಬೆ ತೆಗೆದು ಕೊಡವಿದಳು. ಎಲೆ ಅಡಿಕೆ ಹಾಕಿಕೊಂಡಳು. ನನ್ನ ಶಾಲೆಯ ಮಕ್ಕಳ ಪರೀಕ್ಷೆ ಯಾವಾಗ ಎಂದು ವಿಚಾರಿಸಿದಳು. ಅತ್ತೆಗೆಂದು ಎರಡು ಬಂಗುಡೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಹೊರಡುವ ಹೊತ್ತಿಗೆ, ಎತ್ತಿಕೊಡಲು ನಾನು ಮತ್ತೆ ಕೈ ಮುಂದೆ ಮಾಡಿದೆ.

"ಬೇಡ ಟೀಚರೇ, ಕಲ್ಲು ಉಂಟಲ್ಲ" ಎಂದಳು.

ಮೊಣಕಾಲು ತುಸು ಮಡಿಸಿ, ತಲೆಯೊಡ್ಡಿ, ಬುಟ್ಟಿ ಹೊತ್ತು ಹೋದಳು.

ಆಮೇಲೆ ಐದಾರು ವರ್ಷ ಅವಳು ಆ ದಾರಿಯಲ್ಲಿ ನಡೆದಳು. ಮೀನಿನ ಟೆಂಪೋಗಳು ಬಂದವು, ನಮ್ಮ ಗುಂಪು ಚದುರಿತು, ಮಾಸ್ತರರು ಹೋದರು. ಉದ್ಯಾನದಲ್ಲಿ ಕಮ್ಯುನಿಸ್ಟ್ ಗಿಡ ಮತ್ತೆ ಎದ್ದಿತು. ಮೀನಿನ ನೀರು ಇಳಿದು ಇಳಿದು ಕಂಬದ ಮೇಲಿನ ಆ ಒಂದು ಪದವೂ ಈಗ ಓದಲು ಬರುವುದಿಲ್ಲ. ಅಷ್ಟು ವರ್ಷಗಳಲ್ಲಿ ಎಷ್ಟೋ ಬೆಳಿಗ್ಗೆ ನಾವಿಬ್ಬರೂ ಆ ಕಲ್ಲಿನ ಬಳಿ ನಿಂತು ಮಾತಾಡಿದ್ದೇವೆ, ನಕ್ಕಿದ್ದೇವೆ. ಒಂದು ಕೈ ಕೊಡಿ ಎಂದು ಅವಳು ನನ್ನನ್ನು ಮತ್ತೆ ಕೇಳಲಿಲ್ಲ.